ಬಾಣಂತಿ ಕೋಣೆಯ ಚಿಮಣಿ

ಡಿಸೆಂಬರ್ ಬಂತೆಂದರೆ ನಮ್ಮ ಅಲ್ ನಹ್ದಾದ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲೇ ಇದ್ದಿಲಿನ ಮೂಟೆಗಳು ಬಂದು ಕೂರುತ್ತವೆ. ಮರಳುಗಾಡಿಗೆ ಹೋಗಿ ಡೇರೆ ಹಾಕಿ ಮಾಂಸ ಸುಡುವವರ ಕಾಲ ಅದು. ದುಬೈಯಲ್ಲಿ ಚಳಿ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಾನೂ ಹಾಗೇ ನಕ್ಕು, ಸ್ವೆಟರನ್ನು ಊರಲ್ಲೇ ಬಿಟ್ಟು ಬಂದು, ಮೊದಲ ಜನವರಿಯಲ್ಲಿ ಹೆಂಡತಿಯ ಶಾಲು ಹೊದ್ದು ಆಫೀಸಿಗೆ ಹೋದವನೇ. ಮೊನ್ನೆ ಹಾಲು ತರಲು ಹೋದಾಗ ಒಂದು ಮೂಟೆ ಹರಿದು ಕರಿ ಪುಡಿ ನೆಲಕ್ಕೆಲ್ಲ ಚೆಲ್ಲಿತ್ತು. ಅದನ್ನು ನೋಡಿದ್ದೇ ತಡ, ನಮ್ಮ ಅತ್ತೆ ನೆನಪಾಗಿ ಅಲ್ಲೇ ನಿಂತುಬಿಟ್ಟೆ.

ಅತ್ತೆ ಎಂದರೆ ನನ್ನ ಹೆಂಡತಿ ಸುಮಾಳ ತಾಯಿ, ನಂಜನಗೂಡಿನವರು. ಬಾಣಂತನ ಮಾಡುವುದರಲ್ಲಿ ಅವರದು ಎತ್ತಿದ ಕೈ. ಬಳಗದಲ್ಲಿ ಯಾರಿಗೆ ದಿನ ತುಂಬಿದರೂ ಮೊದಲು ಅವರಿಗೇ ಕರೆ ಹೋಗುತ್ತಿತ್ತು. ಅವರಿಗೆ ಲೋಕದಲ್ಲಿದ್ದದ್ದು ಒಬ್ಬನೇ ಶತ್ರು, ಗಾಳಿ. "ಹಸಿ ಮೈಗೆ ಗಾಳಿ ಹೊಕ್ತು ಅಂದ್ರೆ ಮುಗೀತು ಅಳಿಯಂದ್ರೇ, ಮುದುಕಿ ಆಗೋವರ್ಗೂ ಬಿಡಲ್ಲ" ಎನ್ನುತ್ತಿದ್ದರು. ಸುಮಾಳ ಹೆರಿಗೆಗೆಂದು ಇಲ್ಲಿಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಸೀರೆಗಿಂತ ಬಜೆ, ಓಮ, ಸಾಂಬ್ರಾಣಿಗಳೇ ಹೆಚ್ಚಿದ್ದವು. ವಿಮಾನ ನಿಲ್ದಾಣದ ಅಧಿಕಾರಿಯೊಬ್ಬ ಬಜೆಯ ಬೇರನ್ನು ಹಿಡಿದು ಇದೇನೆಂದು ಕೇಳಿದನಂತೆ. ಅತ್ತೆ ಕನ್ನಡದಲ್ಲೇ ಮಗುವಿನ ಹೊಟ್ಟೆನೋವಿನ ಬಗ್ಗೆ ದೊಡ್ಡ ಭಾಷಣ ಮಾಡಿದ್ದಕ್ಕೆ ಪಾಪ, ಕೈಮುಗಿದು ಬಿಟ್ಟುಬಿಟ್ಟನಂತೆ.

ಆಗ ನಾವಿದ್ದದ್ದು ಮಿರ್ದಿಫ್‌ನಲ್ಲಿ, ಕಂಪನಿ ಕೊಟ್ಟಿದ್ದ ಒಂದು ಹಳೆಯ ವಿಲ್ಲಾದಲ್ಲಿ. ನಮಗಿಂತ ಮುಂಚೆ ಅಲ್ಲಿದ್ದ ಇಂಗ್ಲಿಷ್ ಇಂಜಿನಿಯರ್ ತನ್ನ ಊರಿನ ನೆನಪಿಗೋ ಏನೋ, ದೊಡ್ಡ ಕೋಣೆಯ ಗೋಡೆಯಲ್ಲಿ ಬೆಂಕಿಗೂಡು ಕಟ್ಟಿಸಿ, ಮೇಲೆ ಚಿಮಣಿ ಏರಿಸಿದ್ದ. ನಾವು ಅದರಲ್ಲಿ ಚಪ್ಪಲಿ ಜೋಡಿಸುತ್ತಿದ್ದೆವು. ಅತ್ತೆ ಅದನ್ನು ನೋಡಿದ್ದೇ ಚಪ್ಪಲಿಗಳನ್ನೆಲ್ಲ ಹೊರಗೆಸೆದು, "ಬಾಣಂತಿ ಕೋಣೆಗೆ ಅಂತ್ಲೇ ಮಾಡ್ಸಿದ ಹಾಗಿದೆಯಲ್ಲ!" ಎಂದು ಹಿಗ್ಗಿಹೋದರು. ಅಲ್ಲಿಗೆ ಅದು ಬಾಣಂತಿ ಕೋಣೆಯಾಯಿತು. ನನಗೆ ಹೊಸ್ತಿಲಾಚೆ ಪ್ರವೇಶ, ಇಲ್ಲಿಯ ಅರಬಿಗಳ ಮಾತಿನಲ್ಲಿ ಹೇಳುವುದಾದರೆ, ಮಾಫಿ, ಅಂದರೆ ಇಲ್ಲವೇ ಇಲ್ಲ.

ಎಣ್ಣೆ ನೀರಾದ ಮೇಲೆ ತಾಯಿಗೂ ಮಗುವಿಗೂ ಕೆಂಡದ ಕಾವು, ಸಾಂಬ್ರಾಣಿ ಹೊಗೆ ಆಗಲೇಬೇಕು. ಕಿಟಕಿಯ ಸಂದಿಗೆ ಹಳೆ ಸೀರೆ, ಬಾಗಿಲಡಿಗೆ ಚಾದರ, ಏಸಿಯ ಕಂಡಿಗೆ ರಟ್ಟು ಬಂದವು. ಉಳಿದದ್ದು ಚಿಮಣಿ. ಹೊರಗೆ ಗಾಳಿ ಬೀಸಿದಾಗ ಅದರೊಳಗಿಂದ ಚಳಿಯ ಜೊತೆ ಮರಳೂ ಉದುರುತ್ತಿತ್ತು. ಗೂಡಿನೊಳಗೆ ಕೈಹಾಕಿ ತಡಕಾಡಿದ ಅತ್ತೆಗೆ ಒಂದು ಕಬ್ಬಿಣದ ಮುಚ್ಚಳ, ಅದನ್ನೆಳೆಯುವ ಹಿಡಿ ಸಿಕ್ಕವು. "ನೋಡಿ, ಆ ಇಂಗ್ಲಿಷಿನವನಿಗೂ ಬುದ್ಧಿಯಿತ್ತು. ಗಾಳಿ ಬರ್ದೇ ಇರ್ಲಿ ಅಂತ ಮುಚ್ಚಳ ಇಟ್ಟಿದಾನೆ" ಎಂದು ಎಳೆದು ಮುಚ್ಚಿದರು. ಇದ್ದಿಲು ಉರಿದು, ಹೊಗೆಯೆಲ್ಲ ಹೋಗಿ, ಬರೀ ಕೆಂಡವಾದ ಮೇಲೆಯೇ ಮುಚ್ಚುತ್ತಿದ್ದರು ಮತ್ತೆ. ಹೊಗೆಯೇ ಇಲ್ಲವೆಂದ ಮೇಲೆ ಇನ್ನೇನು ಭಯ? ನನಗೂ ಅದು ಸರಿಯೆಂದೇ ಕಂಡಿತ್ತು.

ಸುಮಾಳಿಗೆ ತಲೆನೋವು ಶುರುವಾಯಿತು. ಅತ್ತೆಗೂ. ಮಗಳದ್ದು ದೃಷ್ಟಿಯೆಂದು ನೀವಾಳಿಸಿದರು, ತಮ್ಮದು ಇಲ್ಲಿಯ ನೀರಿನ ದೋಷವೆಂದು ಶುಂಠಿ ಹಚ್ಚಿಕೊಂಡರು.

ಅದೊಂದು ಶುಕ್ರವಾರ ಬೆಳಿಗ್ಗೆ. ಹೊರಗೆ ಗಾಳಿ ಜೋರಾಗಿತ್ತು ಎಂದು ಅತ್ತೆ ಅಂದು ಕೆಂಡವನ್ನು ಸ್ವಲ್ಪ ಹೆಚ್ಚೇ ಹಾಕಿದ್ದರು. ತಾಯಿಯನ್ನೂ ಮಗುವನ್ನೂ ಮಲಗಿಸಿ ಅಡುಗೆಮನೆಗೆ ಬಂದು ಮೆಣಸಿನ ಸಾರು ಕುದಿಸುತ್ತಿದ್ದರು. ನಾನು ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಇದ್ದಕ್ಕಿದ್ದಂತೆ ಅತ್ತೆ ಸೌಟು ಹಿಡಿದೇ ಬಾಗಿಲಿಗೆ ಬಂದು, "ಅಳಿಯಂದ್ರೇ, ಮಗು ಅತ್ತಿದ್ದು ಕೇಳಿಸ್ತಾ?" ಎಂದರು. ಇಲ್ಲವೆಂದೆ. "ಹಾಲಿನ ಹೊತ್ತು ಮೀರಿ ಹೋಯ್ತಲ್ಲ" ಎನ್ನುತ್ತಾ ಕೋಣೆಯತ್ತ ಹೋದರು.

ಆಮೇಲೆ ಕೇಳಿದ ಕೂಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. "ಅಳಿಯಂದ್ರೇ, ಒಳಗೆ ಬನ್ನಿ! ಇವಳನ್ನ ಎತ್ಕೊಳ್ಳಿ!" ನಾನು ಹೊಸ್ತಿಲು ದಾಟಿದಾಗ ಸುಮಾ ಕೆಂಪು ಮುಖ ಹೊತ್ತು, ಕರೆದರೆ ತೊದಲುತ್ತಾ ಬಿದ್ದಿದ್ದಳು. ಅತ್ತೆ ಆಗಲೇ ಮಗುವನ್ನೆತ್ತಿಕೊಂಡು ಓಡಿದ್ದರು. ಹೆಂಡತಿಯನ್ನು ಎಳೆದುಕೊಂಡೇ ಅಂಗಳಕ್ಕೆ ತಂದೆ. ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಮರಳು ಹೊತ್ತ ಆ ಕೊರೆಯುವ ಗಾಳಿಗೆ ಎದುರಾಗಿ ಅತ್ತೆ ನಿಂತು, ಮಗುವಿನ ಕುಲಾವಿ ಕಿತ್ತೆಸೆದು, ಸುತ್ತಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. "ತಗೋ ಮಗಾ, ಗಾಳಿ ತಗೋ, ಉಸಿರಾಡು ನನ್ನಮ್ಮ" ಎಂದು ಗೋಗರೆಯುತ್ತಿದ್ದರು. ಜೀವಮಾನವಿಡೀ ಗಾಳಿಗೆ ಬಾಗಿಲು ಹಾಕಿದ ಹೆಂಗಸು! ಮಗು ಬಾಯಿ ತೆರೆಯಿತು, ಮುಖ ಕಿವುಚಿತು, ಸಣ್ಣಗೆ ಅತ್ತಿತು. ಅಬ್ಬಾ!

ಪಕ್ಕದ ವಿಲ್ಲಾದ ಭಟ್ಕಳದ ಸಾಹೇಬರು ಗದ್ದಲ ಕೇಳಿ ಬಂದವರು ಒಂದೂ ಪ್ರಶ್ನೆ ಕೇಳಲಿಲ್ಲ. "ಯಲ್ಲಾ, ನಡೀರಿ ನಡೀರಿ, ಗಾಡಿ ಹತ್ತಿ, ಮಾತು ಆಮೇಲೆ" ಎಂದು ಎಲ್ಲರನ್ನೂ ಕೂರಿಸಿಕೊಂಡು, ಗಾಜುಗಳನ್ನೆಲ್ಲ ಇಳಿಸಿ ಆಸ್ಪತ್ರೆಗೆ ಓಡಿಸಿದರು.

ಅಲ್ಲಿ ಇಬ್ಬರಿಗೂ ಆಮ್ಲಜನಕ ಹಾಕಿದರು. ಅಪಾಯ ಕಳೆಯಿತು ಎಂದ ಮೇಲೆ ಮಲಯಾಳಿ ಡಾಕ್ಟರಮ್ಮ ನಮ್ಮ ಹತ್ತಿರ ಬಂದು, ಮನೆಯಲ್ಲಿ ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. "ತಪ್ಪು ನಂದೇ ಡಾಕ್ಟ್ರೇ. ಹಸಿ ಬಾಣಂತಿನ, ಕೂಸನ್ನ, ಆ ಚಳಿಗಾಳಿಲಿ ತಂದು ಹಾಕ್ಬಿಟ್ಟೆ" ಎಂದು ಅಳತೊಡಗಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರಮ್ಮ ಅತ್ತೆಯ ಕೈ ಹಿಡಿದು ಕೂರಿಸಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಮುಚ್ಚಿದ ಕೋಣೆಯ ಕೆಂಡದಿಂದ ಬಣ್ಣವೂ ವಾಸನೆಯೂ ಇಲ್ಲದ ವಿಷದ ಗಾಳಿ ಹೊರಡುತ್ತದೆ. ಹೊರಗಿನ ಗಾಳಿಗೆ ತಂದದ್ದರಿಂದಲೇ ಇಬ್ಬರೂ ಉಳಿದರು. ಅತ್ತೆ ಕಣ್ಣೊರೆಸಿಕೊಂಡು, "ಹಾಗಾದ್ರೆ ನಮ್ಮೂರಲ್ಲಿ ಯಾಕೆ ಹೀಗಾಗ್ಲಿಲ್ಲ?" ಎಂದರು. ಊರಲ್ಲಿ ಹಂಚಿನ ಸಂದಿಗಳೆಲ್ಲ ಆ ವಿಷವನ್ನು ಸದ್ದಿಲ್ಲದೆ ಹೊರಗೆ ಕಳಿಸುತ್ತಿದ್ದವು. ನಾವು ಅದನ್ನು ಒಂದು ದಿನವೂ ಯೋಚಿಸಿರಲಿಲ್ಲ.

ಮನೆಗೆ ಬಂದ ಮೇಲೆ ಚಿಮಣಿ ಶುದ್ಧಿ ಮಾಡಿಸಿದೆ. ಮರಳು, ಮೈನಾದ ಹಳೆ ಗೂಡು, ಮಸಿ ಎಲ್ಲ ಉದುರಿದವು. ಮುಚ್ಚಳ ಕಳಚಿಸಿದೆ, ವಿಷಗಾಳಿಗೆ ಕಿರುಚುವ ಪುಟ್ಟ ಯಂತ್ರ ಗೋಡೆಗೆ ಹಾಕಿಸಿದೆ. ಬೆಂಕಿಯನ್ನಂತೂ ಮತ್ತೆ ಹಾಕಲಿಲ್ಲ. ಗೂಡಿನೊಳಗೆ ತಲೆ ಹಾಕಿ ಮೇಲೆ ನೋಡಿದರೆ ಅಂಗೈಯಷ್ಟು ಆಕಾಶ ಕಾಣುತ್ತಿತ್ತು. ಆ ವಿಷ ಹೊರಗೆ ಹೋಗಲು ಅಷ್ಟು ಜಾಗ ಸಾಕಾಗುತ್ತಿತ್ತಲ್ಲ ಎಂದು ಈಗಲೂ ಅನ್ನಿಸುತ್ತದೆ.

ಸೂಪರ್ ಮಾರ್ಕೆಟ್ಟಿನಿಂದ ಬಂದ ಸಂಜೆ ಅತ್ತೆಗೆ ವೀಡಿಯೊ ಕರೆ ಮಾಡಿದೆ. ನನ್ನ ಬಾಮೈದನಿಗೆ ಗಂಡುಮಗುವಾಗಿದೆ, ಅತ್ತೆಯೇ ಬಾಣಂತನಕ್ಕೆ ನಿಂತಿದ್ದಾರೆ. ಅವರ ಬೆನ್ನ ಹಿಂದೆ ಬಾಣಂತಿ ಕೋಣೆಯ ಕಿಟಕಿ ತೆರೆದಿತ್ತು, ಪರದೆ ಹಾರಾಡುತ್ತಿತ್ತು. ಅಂದು ಅಂಗಳದಲ್ಲಿ ಅತ್ತ ನನ್ನ ಮಗಳು ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ. ಪಕ್ಕದಿಂದ ಇಣುಕಿ, "ಅಜ್ಜೀ, ಕ್ಲೋಸ್ ದಿ ವಿಂಡೋ, ಬೇಬಿಗೆ ಕೋಲ್ಡ್ ಆಗುತ್ತೆ" ಎಂದಳು.

ಅತ್ತೆ ಅವಳನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಕರೆ ನಿಂತೇಹೋಯಿತೇನೋ ಎಂದು ನಾನು ಫೋನನ್ನು ಅಲುಗಿಸಿದೆ.

"ಚಳಿ ಆದ್ರೆ ಇನ್ನೊಂದು ಕಂಬಳಿ ಹೊದಿಸ್ತೀನಿ ಕಂದಾ" ಎಂದರು. "ಕಿಟಕಿ ಮಾತ್ರ ಮುಚ್ಚಲ್ಲ."