ಪ್ಯಾಂಟಿನ ಮಡಿಕೆ

ಕುರುಗೋಡಿನ ಮೇಲೆ ಹಾದು ಸಿರುಗುಪ್ಪಕ್ಕೆ ಹೋಗುವ ಬಸ್ಸನ್ನು ಬಳ್ಳಾರಿಯಲ್ಲಿ ಹತ್ತಿ, ನಾನು ಬರೆದ ಮಕ್ಕಳ ಕಾದಂಬರಿಯ ಎರಡನೇ ಭಾಗದ ಕರಡು ತಿದ್ದುತ್ತಾ ಕೂತಿದ್ದೆ. ಮರುದಿನ ಅದು ಅಚ್ಚಿಗೆ ಹೋಗಬೇಕಿತ್ತು. ಪಕ್ಕದಲ್ಲಿ ಕೂತ ಹೆಂಗಸು ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುವವರಂತೆ. ಏನು ಕತೆ ಅಂತ ಕೇಳಿದರು. ಬಂಡೆಯೊಳಗಿನ ಬಾಗಿಲು ದಾಟಿ ಬೇರೆ ಲೋಕಕ್ಕೆ ಹೋಗಿಬಂದಿದ್ದ ಹುಡುಗಿ, ಎರಡು ವರ್ಷದ ಮೇಲೆ, ಆಗ ತೊಟ್ಟಿದ್ದ ಅದೇ ನೀಲಿ ಪ್ಯಾಂಟ್ ಹಾಕಿಕೊಂಡು ಮತ್ತೆ ಹೊರಡುತ್ತಾಳೆ ಎಂದೆ.

“ಅದೇ ಪ್ಯಾಂಟ್ ಹೆಂಗ ಬರತೈತ್ರಿ ಅಕಿಗೆ?”

“ಈ ಸಲ ಅಕಿ ಮನಸು ಭಾಳ ಬೆಳದೈತ್ರಿ. ಅದನ್ನ ಬರದೀನಿ,” ಅಂದೆ, ಸ್ವಲ್ಪ ಬಿಗುಮಾನದಿಂದಲೇ.

“ಕಾಲೂ ಬೆಳದಿರತಾವಲ್ರಿ. ನನ್ನ ಮಗಳ ಪ್ಯಾಂಟ್ ನಾಕು ಬೆರಳು ಒಳಗ ಮಡಚಿ ಹೊಲಿದಿರತೀನಿ. ವರ್ಷಕ್ಕೊಮ್ಮಿ ಒಂದೊಂದು ಬೆರಳು ಬಿಡತೀನಿ. ಬಿಟ್ಟ ಜಾಗ ಅಷ್ಟೇ ಹೊಸಾ ನೀಲಿ ಇರತೈತಿ. ಎಷ್ಟು ಬೆಳದಾಳ ಅಂತ ನೋಡಿದವರಿಗೆ ಗೊತ್ತಾಗತೈತಿ.” ಆಮೇಲೆ ಕೇಳಿದರು. “ಈ ಹುಡುಗಿಗೆ ಅವ್ವ ಇಲ್ಲೇನ್ರಿ?”

ಇದ್ದಳು. ಮೊದಲ ಭಾಗದ ಮೂರನೇ ಪುಟದಲ್ಲಿ ಚಹಾ ಕೊಟ್ಟು ಒಳಗೆ ಹೋದವಳನ್ನು ನಾನು ಮತ್ತೆ ಹೊರಗೆ ಕರೆದಿರಲಿಲ್ಲ.

ಅವರು ಕುರುಗೋಡಿನಲ್ಲಿ ಇಳಿದರು. ಸಿರುಗುಪ್ಪ ಬರುವಷ್ಟರಲ್ಲಿ ನಾನು ಕರಡಿನ ಮೊದಲ ಅಧ್ಯಾಯವನ್ನೇ ಹೊಡೆದುಹಾಕಿದ್ದೆ. ಪುಸ್ತಕ ಒಂದು ತಿಂಗಳು ತಡವಾಯಿತು. ಈಗ ಆ ಅಧ್ಯಾಯದಲ್ಲಿ ಬಂಡೆಯ ಬಾಗಿಲು ತೆರೆದೇ ಇರುತ್ತದೆ. ಆಚೆ ಲೋಕದ ರಾಜ ರೆಕ್ಕೆಯ ಕುದುರೆ ಹಿಡಿದುಕೊಂಡು, ಅವ್ವ ಹೊಲಿಗೆ ಬಿಚ್ಚಿ ಮುಗಿಸಲಿ ಅಂತ ಕಾಯುತ್ತಾ ನಿಂತಿರುತ್ತಾನೆ.