ಪಿಯಾನೋದೊಳಗಿನ ಬಲ್ಬು

ಕಾರ್ಗಲ್ಲಿನ ಕಾಲೊನಿ ಕ್ಲಬ್ಬಿನಲ್ಲಿ ಒಂದು ಪಿಯಾನೋ ಇತ್ತು. ಅಣೆಕಟ್ಟು ಕಟ್ಟುವ ಕಾಲದಲ್ಲಿ ಯಾರೋ ತಂದು ಬಿಟ್ಟುಹೋದದ್ದು. ನಾನು ಕಾಲೊನಿಯ ಎಲೆಕ್ಟ್ರಿಷಿಯನ್. ಫ್ಯಾನು ರಿಪೇರಿಗೆ ಹೋದವನು ಒಂದು ದಿನ ಅದರ ಮುಂದೆ ಕೂತುಬಿಟ್ಟೆ. ಎಂಜಿನಿಯರೊಬ್ಬರ ಹೆಂಡತಿ ನನ್ನನ್ನು ಬೈದು ಎಬ್ಬಿಸುವ ಬದಲು ಬೆರಳಿಡುವುದನ್ನು ಕಲಿಸಿದರು. ಅವರಿಗೆ ವರ್ಗವಾದ ಮೇಲೆ ಅದನ್ನು ಮುಟ್ಟುವವನು ನಾನೊಬ್ಬನೇ ಉಳಿದೆ. "ಬಡಗಿ ಕುಟ್ಟಿದಂಗೆ ಕುಟ್ತೀರಿ" ಎಂದು ನನ್ನ ಹೆಂಡತಿ ನಗುತ್ತಿದ್ದಳು. ಆದರೂ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳುತ್ತಿದ್ದಳು.

ಅವಳ ಕಾಯಿಲೆ ಗೊತ್ತಾದ ವರ್ಷ ನಾವು ಹುಂಚಕ್ಕೆ ಹೋಗತೊಡಗಿದೆವು. ಸಾಗರಕ್ಕೆ ಒಂದು ಬಸ್ಸು, ರಿಪ್ಪನ್‌ಪೇಟೆಗೆ ಇನ್ನೊಂದು, ಅಲ್ಲಿಂದ ಮತ್ತೊಂದು. ಸಾಂತರ ಅರಸರು ಆಳಿದ ಹಳೆಯ ಊರು. ಕಲ್ಲಿನ ಬಸದಿಗಳು, ಒಂದು ಕೆರೆ. ಅಲ್ಲಿ ಅಮ್ಮನವರ ಮುಂದೆ ಮನಸ್ಸಿನಲ್ಲೇ ಕೇಳಿಕೊಂಡು ನಿಲ್ಲುತ್ತಾರೆ. ದೇವಿಯ ಬಲಗಡೆಯಿಂದ ಹೂವು ಬಿದ್ದರೆ ಕೇಳಿದ್ದು ಆಗುತ್ತದೆ ಎಂದು ನಂಬಿಕೆ. ಮೂರನೆಯ ಸಲ ಹೋದಾಗ ಹೂವು ಬಿತ್ತು. ಏನು ಕೇಳಿದೆ ಎಂದರೆ ಅವಳು ಹೇಳಲಿಲ್ಲ. ಇನ್ನೇನು ಕೇಳುತ್ತಾಳೆ, ಗುಣವಾಗಲಿ ಎಂದಿರಬೇಕು ಅಂದುಕೊಂಡೆ.

ಮೊದಲ ಸಲ ಹೋಗಿಬಂದಾಗಿನಿಂದಲೇ ಆ ಪ್ರಯಾಣ ಹಿಡಿದು ಪಿಯಾನೋದಲ್ಲಿ ನಾನೊಂದು ಧಾಟಿ ಕಟ್ಟುತ್ತಿದ್ದೆ. ಬಸ್ಸಿಳಿದು ನಡೆಯುವುದು ಬಲಗೈಗೆ, ಕೆರೆ ಎಡಗೈಗೆ, ತೀರ ಕೆಳಗಿನ ಸ್ವರಗಳಲ್ಲಿ. ಬಿಡಿ ಬಿಡಿಯಾಗಿ ಅಭ್ಯಾಸ ಮಾಡಿದೆ. ಯಾವುದು ಎಲ್ಲಿ ಬರುತ್ತದೆ ಎಂದು ಅವಳಿಗೆ ಹೇಳಿದ್ದೆ, ಬಾರಿಸಿ ತೋರಿಸಲಿಲ್ಲ. ಮಳೆಗಾಲ ಮುಗಿಯಲಿ, ಪೂರ್ತಿ ಒಂದೇ ಸಲ ಬಾರಿಸುತ್ತೇನೆ ಎಂದೆ. ಎಂಥ ಜಂಬ ನನ್ನದು!

ನಮ್ಮ ಕಡೆಯ ಮಳೆಗೆ ಪಿಯಾನೋ ತಡೆಯುವುದಿಲ್ಲ. ಅದಕ್ಕೇ ಅದರ ಹೊಟ್ಟೆಯೊಳಗೆ ಒಂದು ಬಲ್ಬು ಹಾಕಿ, ಮಳೆಗಾಲವಿಡೀ ಉರಿಸುವುದು ಕ್ಲಬ್ಬಿನ ರೂಢಿ. ಆ ವರ್ಷ ಕಾಲೊನಿಗೆಲ್ಲ ಎಲ್‌ಇಡಿ ಬಂತು. ಮನೆಮನೆಯ ಹಳೆ ಬಲ್ಬು ಬಿಚ್ಚಿ ಹೊಸದು ಹಾಕುವ ಕೆಲಸ ನನ್ನದು. ಅದೇ ಓಘದಲ್ಲಿ ಪಿಯಾನೋದ್ದನ್ನೂ ಬದಲಿಸಿದೆ. ಆಮೇಲೆ ಆಸ್ಪತ್ರೆ ಓಡಾಟ. ಕ್ಲಬ್ಬಿನ ಮುಂದೆ ಹಾದಾಗಲೆಲ್ಲ ಕಿಟಕಿಯಲ್ಲಿ ಇಣುಕುತ್ತಿದ್ದೆ. ಪಿಯಾನೋದ ಸಂದಿಯಲ್ಲಿ ಬೆಳಕು ಕಂಡರೆ ಸಮಾಧಾನವಾಗುತ್ತಿತ್ತು.

ನವರಾತ್ರಿಯ ಹೊತ್ತಿಗೆ ಅವಳೇ, "ನಡೀರಿ, ಇವತ್ತು ಕೇಳ್ತೀನಿ" ಎಂದಳು. ತೋಳು ಹಿಡಿದು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದೆ. ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಒಳಗೆ ಬಲ್ಬು ಝಗಝಗ ಉರಿಯುತ್ತಿತ್ತು. ಮುಟ್ಟಿದೆ, ತಣ್ಣಗಿತ್ತು. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಅಂಟು ಬಿಟ್ಟಿತ್ತು, ಅವುಗಳ ಬಟ್ಟೆಗೆ ಬೂಷ್ಟು ಹಿಡಿದಿತ್ತು. ಪಿಯಾನೋಕ್ಕೆ ಬೇಕಿದ್ದದ್ದು ಬೆಳಕಲ್ಲ, ಬಿಸಿ. ಜೀವಮಾನವೆಲ್ಲ ಕರೆಂಟಿನ ಅನ್ನ ತಿಂದ ನನಗೆ ಇದು ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಇರ್ಲಿ, ಬಾರ್ಸಿ" ಎಂದಳು. ಬಾರಿಸಿದೆ. ನಾಲ್ಕು ಸ್ವರಕ್ಕೆ ಒಂದು ನುಡಿಯಿತು. ಉಳಿದದ್ದು ಮರದ ಟಕಟಕ. ಎಡಗೈ ಕಡೆ ಒತ್ತಿದ ಕೀಗಳು ಮೇಲೇಳಲೇ ಇಲ್ಲ. ಅವಳು ಕಣ್ಣು ಮುಚ್ಚಿ ಕೂತಿದ್ದಳು.

"ಕೆರೆ ಇನ್ನೂ ಬಂದಿಲ್ಲ ಅಲ್ದಾ?"

"ಇಲ್ಲ" ಎಂದೆ. ನಾನು ಅದನ್ನು ಬಾರಿಸಿ ಮುಗಿಸಿದ್ದೆ.

"ಹೂವು ಬಿತ್ತಲ್ಲ, ಅವತ್ತು ಇದನ್ನೇ ಕೇಳಿದ್ದೆ. ಗುಣ ಆಗೂದಿಲ್ಲ ಅಂತ ನಂಗೆ ಗೊತ್ತಿತ್ತು. ಇದೊಂದು ಕೇಳಿ ಹೋಗಾಣ ಅಂತ."

ರಿಪೇರಿಯವರಿಗೆ ಫೋನ್ ಮಾಡಿದೆ, ದೀಪಾವಳಿ ಕಳೆದು ಬರುತ್ತೇವೆ ಎಂದರು. ಪರಿಚಯದವರ ಮಗಳ ಕೀಬೋರ್ಡು ಕೇಳಿ ತಂದೆ. ಅದರಲ್ಲಿ ಅಷ್ಟು ಕೆಳಗಿನ ಸ್ವರಗಳೇ ಇರಲಿಲ್ಲ. ದೀಪಾವಳಿಗೆ ಮೊದಲೇ ಅವಳು ಹೋದಳು. ಅಮ್ಮನವರು ಕೊಟ್ಟದ್ದನ್ನು ನಾನು ನನ್ನ ಕೈಯಾರೆ ಕಳೆದೆ. ಆಮೇಲೆ ನಾನು ಯಾವ ಪಿಯಾನೋ ಮುಂದೆಯೂ ಕೂತಿಲ್ಲ, ಹುಂಚಕ್ಕೂ ಹೋಗಿಲ್ಲ.

ಪಿಯಾನೋದಿಂದ ಬಿಚ್ಚಿದ ಹಳೆ ಬಲ್ಬು ಟೂಲ್ ಬ್ಯಾಗಿನಲ್ಲೇ ಉಳಿದಿತ್ತು. ವೈಕುಂಠ ಸಮಾರಾಧನೆಯ ಮರುದಿನ ಸಿಕ್ಕಿತು. ಹೋಲ್ಡರಿಗೆ ಹಾಕಿ ಸ್ವಿಚ್ಚು ಒತ್ತಿದೆ. ಹತ್ತಿಕೊಂಡಿತು. ಎರಡು ನಿಮಿಷ ಬಿಟ್ಟು ಮುಟ್ಟಿದರೆ ಕೈ ಸುಟ್ಟಿತು.