ಮೊಣಕೈವರೆಗೆ ಸೋಪು

ಮಳೆ ಹಿಡಿದರೆ ನಮ್ಮ ಕಾಲೇಜಿನಲ್ಲಿ ಕೆಮ್ಮು ಬೆಂಚಿನಿಂದ ಬೆಂಚಿಗೆ ದಾಟುತ್ತಿತ್ತು. ಪರೀಕ್ಷೆಯೂ ಆಗಲೇ. ಬೊಮ್ಮಸಂದ್ರದ ಬಾಡಿಗೆ ಕೋಣೆಯಲ್ಲಿದ್ದ ನಾವು ಮೂವರು ಹುಡುಗಿಯರು ಜ್ವರದ ಮಾತ್ರೆ ತಂದಿಟ್ಟುಕೊಂಡು, ತಯಾರಿ ಮುಗಿಯಿತು ಎಂದುಕೊಂಡಿದ್ದೆವು. ಪಕ್ಕದ ಮನೆಯ ಅಕ್ಕ ಒಪ್ಪಲಿಲ್ಲ. ಅವರು ಯಾದಗಿರಿ ಕಡೆಯವರು, ಮಾತ್ರೆ ಮಾಡುವ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ.

"ಮಾತ್ರಿ ನಾ ದಿನಾ ನೋಡ್ತೀನಿ. ಮೊದ್ಲ ಕೈ ತೊಳ್ಕೊಳ್ಳೂದು ಕಲೀರಿ," ಎಂದರು.

ಫ್ಯಾಕ್ಟರಿಯಲ್ಲಿ ಕಲಿಸಿದಂತೆ ಬೆರಳ ಸಂದಿ, ಉಗುರು, ಮೊಣಕೈವರೆಗೂ ಸೋಪು. ತೊಳೆದ ಮೇಲೆ ನಲ್ಲಿಯನ್ನು ಮೊಣಕೈಯಿಂದಲೇ ನಿಲ್ಲಿಸಬೇಕು. ನಮ್ಮ ವಠಾರದ್ದು ತುಕ್ಕು ಹಿಡಿದ ತಿರುಪಿನ ನಲ್ಲಿ, ಮೊಣಕೈಗೆಲ್ಲ ಬಗ್ಗುವಂಥದ್ದಲ್ಲ. ನಾನು ಕೈಯಿಂದ ತಿರುಗಿಸಿಬಿಟ್ಟೆ.

"ಎಲ್ಲಾ ಹಾಳ ಮಾಡಿದಿ ನೋಡವ್ವಾ. ಹೊಲಸ ಕೈಲೆ ತಿರುವಿದ ನಲ್ಲಿ ಅದು!"

ಮತ್ತೆ ಮೊದಲಿನಿಂದ ತೊಳೆದೆ. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಬೆಳಗಿನ ಪಾಳಿ ಮುಗಿಸಿ ಬಂದ ದಿನಗಳಲ್ಲಿ, ಸಂಜೆ ನಮ್ಮ ಚಪ್ಪಲಿ ಸದ್ದು ಕೇಳಿದರೆ ಸಾಕು, ಚೊಂಬು ಹಿಡಿದು ಬಂದು ಕೈಗೆ ನೀರು ಹೊಯ್ಯುತ್ತಿದ್ದರು. ಹೊಯ್ಯುವಷ್ಟು ಹೊತ್ತೂ ಬೈಗುಳ. ಇಂಜಿನಿಯರಿಂಗ್ ಓದುವವಳಿಗೆ ಕೈ ತೊಳೆಯುವ ಪಾಠವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಓದು ಮುಗಿದು ಕೋಣೆ ಖಾಲಿ ಮಾಡಿದ ದಿನ ಅವರು ಪಾಳಿಯಲ್ಲಿದ್ದರು. ಹೇಳಿ ಬರಲೂ ಆಗಲಿಲ್ಲ.

ಈಗ ನನ್ನ ಆಫೀಸಿನಲ್ಲಿ ಮುಟ್ಟುವುದೇ ಬೇಡದ ನಲ್ಲಿ ಇದೆ. ಮಳೆ ಶುರುವಾಗಿ ಯಾರಾದರೂ ಕೆಮ್ಮಿದರೆ ನಾನು ಎದ್ದು ಹೋಗಿ, ಮೊಣಕೈವರೆಗೆ ಸೋಪು ಹಚ್ಚಿ, ಎರಡೂ ಕೈ ಒಡ್ಡಿ ನಿಲ್ಲುತ್ತೇನೆ. ನೀರು ತಾನಾಗಿ ಬರುತ್ತದೆ. ಬೈಯುವವರು ಯಾರೂ ಬರುವುದಿಲ್ಲ.